ತಂಗಿಯ ಮದುವೆಗೆ 10 ಲಕ್ಷ, 900 ಜನ: ಬೆಂಗಳೂರಿನ ಕನ್ವೆನ್ಷನ್ ಹಾಲೋ, ತುಮಕೂರಿನ ಛತ್ರವೋ?

ಗುಬ್ಬಿ ಕಡೆಯ ಊರು, ತಂಗಿಯ ಮದುವೆ, ಒಡವೆ ಬಟ್ಟೆ ಬಿಟ್ಟು 10 ಲಕ್ಷ, ಕರೆಯಬೇಕಾದವರು 900, ಬೆಂಗಳೂರಿನ ತುಮಕೂರು ರಸ್ತೆಯ ಕನ್ವೆನ್ಷನ್ ಹಾಲ್ ಹಿಡಿಯಲೋ, ತುಮಕೂರಿನ ಛತ್ರವೋ ಅಂತ ನೀವು ಕೇಳಿದ್ದನ್ನು ಓದಿದೆ. ಊರಿನ ಹೆಸರು, ತಂಗಿಯ ಬದಲು ಅಕ್ಕ, ಇಷ್ಟು ಬಿಟ್ಟರೆ ಇದು ನಮ್ಮ ಮನೆಯ ಕಥೆಯೇ. ನಮ್ಮದು ತಿಪಟೂರು ಕಡೆ, ಮದುವೆ ಅಕ್ಕನದು, ಬೀಗರು ಬೆಂಗಳೂರಿನವರು.

ನಾವು ತುಮಕೂರಿನಲ್ಲೇ ಮಾಡಿದೆವು. ಬೆಂಗಳೂರಿನಿಂದ 70 ಕಿಲೋಮೀಟರ್, ಊರಿನಿಂದಲೂ ಹೆಚ್ಚು ಕಡಿಮೆ ಅಷ್ಟೇ, ಇಬ್ಬರಿಗೂ ನಡುವೆ ಆಗುತ್ತೆ ಅಂತ. ಛತ್ರ ಹುಡುಕುವ ಕೆಲಸ ಅಪ್ಪ ನನಗೆ ಬಿಟ್ಟರು. ನಾನು ಹೋಗಿ ನೋಡಿದ್ದೇನು? ಸ್ಟೇಜು ಎಷ್ಟು ಅಗಲ, ಎಸಿ ಇದೆಯಾ, ಕಾರು ನಿಲ್ಲಿಸಲು ಜಾಗ ಇದೆಯಾ, ಹೆಣ್ಣಿನ ಕೋಣೆ ಚೆನ್ನಾಗಿದೆಯಾ. ಮ್ಯಾನೇಜರು "ಸಾವಿರ ಜನ ಆರಾಮಾಗಿ ಹಿಡಿಸುತ್ತೆ ಸಾರ್" ಎಂದರು. ಅದು ಸುಳ್ಳೇನಲ್ಲ. ಮುಹೂರ್ತದ ಹಾಲಿನಲ್ಲಿ ಸಾವಿರ ಕುರ್ಚಿ ಇದ್ದವು. ಊಟದ ಹಾಲ್ ನೆಲಮಾಳಿಗೆಯಲ್ಲಿತ್ತು. ಲೈಟ್ ಹಾಕಿ ತೋರಿಸಿದರು. ಗ್ರಾನೈಟ್ ನೆಲ, ಸ್ಟೀಲ್ ಟೇಬಲ್ಲು, ಚೊಕ್ಕಟವಾಗಿತ್ತು. ಮೆಟ್ಟಿಲ ಮೇಲಿಂದಲೇ ನೋಡಿ ಬಂದೆ. ಟೇಬಲ್ ಎಣಿಸಲಿಲ್ಲ.

ನಮಗೆ ಮುಳುವಾದದ್ದು ಅದೇ. ಸ್ವಲ್ಪ ಉದ್ದವಾದರೂ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಛತ್ರ ನೋಡಲು ಹೋಗುವ ಹತ್ತರಲ್ಲಿ ಒಂಬತ್ತು ಜನ ಇದನ್ನು ಎಣಿಸದೆ ಬರುತ್ತಾರೆ.

ಒಂದು ಪಂಕ್ತಿಗೆ 180 ಎಲೆ ಬೀಳುತ್ತಿತ್ತು. ಎಲೆ ಹಾಕಿ, ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಬಡಿಸಿ, ಹೋಳಿಗೆ ತುಪ್ಪದಿಂದ ಮಜ್ಜಿಗೆವರೆಗೆ ಬರಲು 35 ನಿಮಿಷ ಬೇಕು. ಎಲೆ ತೆಗೆದು, ಪೇಪರ್ ಸುತ್ತಿ ಬಿಸಾಕಿ, ಹೊಸ ಪೇಪರ್ ಹಾಸಿ, ನೀರಿನ ಬಾಟಲ್ ಇಡಲು ಇನ್ನು 10 ನಿಮಿಷ. ಅಲ್ಲಿಗೆ ಒಂದು ಪಂಕ್ತಿಗೆ ಮುಕ್ಕಾಲು ಗಂಟೆ. ಬಡಿಸುವವರು ಎಷ್ಟೇ ಚುರುಕಾಗಿದ್ದರೂ ಇದಕ್ಕಿಂತ ಬೇಗ ಆಗೋದಿಲ್ಲ. ಬೇಗ ಮಾಡಿದರೆ ಉಣ್ಣುವವರನ್ನು ಎಬ್ಬಿಸಿದ ಹಾಗೆ.

ಹಿಂದಿನ ದಿನ ಸಂಜೆ ಆರತಕ್ಷತೆ. ಏಳೂವರೆಗೆ ಹಾಕಿದ ಮೊದಲ ಪಂಕ್ತಿ ಅರ್ಧ ಖಾಲಿ. ಆರತಕ್ಷತೆಗೆ ಯಾರೂ ಏಳೂವರೆಗೆ ಬರೋದಿಲ್ಲ ಅಲ್ವಾ? ಎಂಟು ಗಂಟೆಗೆ ಎಲ್ಲರೂ ಒಟ್ಟಿಗೆ ಬಂದರು. ಸ್ಟೇಜಿನ ಮೇಲೆ ಫೋಟೋ ತೆಗೆಸಿಕೊಂಡು ನೇರ ಕೆಳಗೆ. ನೆಲಮಾಳಿಗೆಗೆ ಇದ್ದದ್ದು ಒಂದೇ ಮೆಟ್ಟಿಲು. ಉಂಡವರು ಹತ್ತಬೇಕು, ಉಣ್ಣುವವರು ಇಳಿಯಬೇಕು. ಒಳಗೆ ಹೋದವರು ಉಣ್ಣುತ್ತಿರುವವರ ಕುರ್ಚಿ ಹಿಂದೆ ನಿಂತುಬಿಟ್ಟರು, ಎದ್ದ ಕೂಡಲೇ ಹಿಡಿಯಲು. ಕೂತವರು ಮಜ್ಜಿಗೆ ಅನ್ನ ಕಲಸುತ್ತಿರುವಾಗಲೇ ಹಿಂದಿನವರು ಕುರ್ಚಿಯ ಮೇಲೆ ಕರ್ಚೀಫು ಇಡುತ್ತಿದ್ದರು. ಚಿಕ್ಕಪ್ಪನ ಮಕ್ಕಳಿಬ್ಬರು ಬಾಗಿಲಿನ ಗ್ರಿಲ್ ಅರ್ಧ ಎಳೆದು, ಅಡ್ಡ ನಿಂತು ಜನರನ್ನು ತಡೆಯಬೇಕಾಯಿತು. ಬೀಗರ ಕಡೆಯ ಹಿರಿಯರೊಬ್ಬರು ಆ ಗ್ರಿಲ್ ಆಚೆ ನಿಂತಿದ್ದರು. ಹುಡುಗರಿಗೆ ಅವರು ಯಾರೆಂದು ಗೊತ್ತಿರಲಿಲ್ಲ.

ನಮ್ಮ ಊರಿನವರಂತೂ ಮುಂದೆ ಬರಲೇ ಇಲ್ಲ. "ನೆಂಟರು ಉಣ್ಲಿ ಬಿಡಪ್ಪ, ನಾವು ಮನೆಯೋರು" ಅಂತ ಮೆಟ್ಟಿಲ ಹತ್ತಿರ ನಿಂತೇ ಇದ್ದರು. ಹತ್ತು ಗಂಟೆಗೆ ಊರಿನ ಬಸ್ಸಿನವನು ಹಾರ್ನ್ ಹೊಡೆಯತೊಡಗಿದ. ನಾಲ್ಕನೇ ಪಂಕ್ತಿ ಎದ್ದಾಗ ಹತ್ತೂವರೆ. ಐದನೆಯದಕ್ಕೆ ಎಲೆ ಹಾಕಿದರು, ಕೂರಲು ಜನ ಇರಲಿಲ್ಲ.

ಎಷ್ಟು ಜನ ಉಣ್ಣದೆ ಹೋದರು ಅಂತ ಗೊತ್ತಾದದ್ದು ತಾಂಬೂಲದ ಚೀಲದಿಂದ. ಬಾಗಿಲಲ್ಲಿ ಅತ್ತೆ ತೆಂಗಿನಕಾಯಿ ಚೀಲ ಕೊಡುತ್ತಿದ್ದರು. 760 ಚೀಲ ಹೋಗಿದ್ದವು. ಬಿದ್ದ ಎಲೆ 630. ಎಷ್ಟೋ ಕಡೆ ಗಂಡ ಹೆಂಡತಿಗೆ ಒಂದೇ ಚೀಲ ಕೊಟ್ಟಿದ್ದರಿಂದ ಉಣ್ಣದೆ ಹೋದವರು 130ಕ್ಕಿಂತ ಜಾಸ್ತಿಯೇ. ಅಡುಗೆ ಕಾಂಟ್ರ್ಯಾಕ್ಟಿನವರಿಗೆ 750 ಎಲೆ ಹೇಳಿದ್ದೆವು, ಎಲೆಗೆ 260 ರೂಪಾಯಿ. ಬೀಳದ 120 ಎಲೆಗೂ ದುಡ್ಡು ಕೊಟ್ಟೆವು. 31 ಸಾವಿರ ಹಾಗೇ ಹೋಯಿತು. ಹಂಡೆಯಲ್ಲಿ ಅನ್ನ ಉಳಿದಿತ್ತು, ಜನ ಹಸಿದು ಹೋಗಿದ್ದರು.

ಅಪ್ಪ ಅದನ್ನು ಅಲ್ಲಿಗೆ ಬಿಡಲಿಲ್ಲ. ಮದುವೆಗೆ ಬಂದವರು ಉಣ್ಣದೆ ಹೋದರು ಅನ್ನುವ ಮಾತು ನಮ್ಮ ಕಡೆ ಸಣ್ಣದಲ್ಲ. ಅಕ್ಕ ಮೊದಲ ಸಲ ತವರಿಗೆ ಬಂದಾಗ ಊರ ಶಾಲೆ ಮೈದಾನದಲ್ಲಿ ಶಾಮಿಯಾನ ಹಾಕಿಸಿ, ಮನೆಮನೆಗೆ ಹೋಗಿ ಕರೆದು, ಇನ್ನೊಂದು ಊಟ ಹಾಕಿಸಿದರು. ಅದಕ್ಕೆ ಮತ್ತೆ 90 ಸಾವಿರ. ಆ ದಿನ ಒಂದೇ ಸಾಲಿಗೆ 400 ಎಲೆ ಬಿತ್ತು, ಎರಡೇ ಪಂಕ್ತಿಯಲ್ಲಿ ಇಡೀ ಊರು ಉಂಡಿತು. ಮೈದಾನಕ್ಕೆ ಬಾಡಿಗೆ ಇರಲಿಲ್ಲ. ಶಾಲೆಗೆ ಎರಡು ಫ್ಯಾನ್ ಕೊಡಿಸಿದೆವು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. 900 ಜನರಿಗೆ ಯಾವ ಹಾಲ್ ಅಂತ ಕೇಳಿದ್ದೀರಿ. ಹಾಗೆ ಕೇಳಬೇಡಿ. ನಿಮ್ಮ ಮದುವೆಗೆ 900 ಜನ ಬರೋದಿಲ್ಲ. ಸಂಜೆ ಊಟಕ್ಕೆ ಇಷ್ಟು, ಬೆಳಗಿನ ತಿಂಡಿಗೆ ಇಷ್ಟು, ಮುಹೂರ್ತದ ಊಟಕ್ಕೆ ಇಷ್ಟು ಅಂತ ಬರುತ್ತಾರೆ. ಆಮಂತ್ರಣ ಪತ್ರಿಕೆ ಹಂಚುವ ಪಟ್ಟಿಯನ್ನು ಈ ಮೂರಕ್ಕೆ ಒಡೆಯಿರಿ. ಬೆಂಗಳೂರಿನ ಆಫೀಸಿನವರು, ಸ್ನೇಹಿತರು ಸಂಜೆ ಬಂದು ಹೋಗುತ್ತಾರೆ. ಹಳ್ಳಿಯವರು ಧಾರೆಗೆ ಬರುತ್ತಾರೆ, ಅಕ್ಷತೆ ಹಾಕದೆ ಅವರಿಗೆ ಮದುವೆ ಮುಗಿಯೋದಿಲ್ಲ. ರಾತ್ರಿ ಉಳಿಯುವವರು ಮಾತ್ರ ತಿಂಡಿಗೆ. ಈ ಮೂರರಲ್ಲಿ ಇಕ್ಕಟ್ಟಾಗುವುದು ಸಂಜೆಯದು. ಮುಹೂರ್ತದ ಊಟ ಹನ್ನೊಂದೂವರೆಯಿಂದ ಮೂರರವರೆಗೆ ನಡೆಯುತ್ತೆ, ನಾಲ್ಕು ಪಂಕ್ತಿ ಸಲೀಸು. ಆರತಕ್ಷತೆಯಲ್ಲಿ ಎಂಟರಿಂದ ಹತ್ತು, ಅಷ್ಟೇ. ತುಂಬಿದ ಪಂಕ್ತಿ ಹೆಚ್ಚೆಂದರೆ ಮೂರು. ಹಾಗಾಗಿ ಸಂಜೆಗೆ ಬರುವ ಜನರನ್ನು ಮೂರರಿಂದ ಭಾಗಿಸಿ. 600 ಅಂದರೆ ಊಟದ ಹಾಲಿನಲ್ಲಿ 200 ಎಲೆ ಬೀಳಲೇಬೇಕು. ಬೀಳದಿದ್ದರೆ ಸ್ಟೇಜು ಎಷ್ಟೇ ಚೆನ್ನಾಗಿರಲಿ, ಅಲ್ಲಿಂದ ಎದ್ದು ಬನ್ನಿ.

ಎಣಿಸುವಾಗ ಮ್ಯಾನೇಜರ ಮಾತು ಕೇಳಬೇಡಿ. ಆರು ಅಡಿ ಟೇಬಲ್ಲಿಗೆ ಮೂರು ಎಲೆ. ಅವರು ನಾಲ್ಕು ಅನ್ನುತ್ತಾರೆ. ನಾಲ್ಕು ಹಾಕಿದರೆ ಮೊಣಕೈ ಮೊಣಕೈಗೆ ತಗುಲುತ್ತೆ, ಬಡಿಸುವವರ ಬಕೆಟ್ ಹಾಯೋದಿಲ್ಲ. ಕೈ ತೊಳೆಯುವ ನಲ್ಲಿ ಎಷ್ಟಿವೆ, ಒಳಗೆ ಹೋಗಲು ಒಂದು ದಾರಿ, ಹೊರಬರಲು ಇನ್ನೊಂದು ಇದೆಯಾ, ಅಜ್ಜಿ ತಾತಂದಿರು ಮೆಟ್ಟಿಲಿಳಿಯದೆ ಹೋಗಬಹುದಾ, ಇಷ್ಟು ನೋಡಿ. ಎಸಿ ಆಮೇಲೆ.

ಕೆಲವರು ನಿಮಗೆ "ಜನ ಕಡಿಮೆ ಮಾಡಿ, 200ಕ್ಕೆ ಇಳಿಸಿ" ಅಂತ ಹೇಳಿದ್ದಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು, ಆದರೆ ನಾನು ಒಪ್ಪೋದಿಲ್ಲ. ಹಳ್ಳಿಯಲ್ಲಿ ಬದುಕುವ ತಂದೆ ತಾಯಿ ಯಾರ ಮನೆ ಬಿಟ್ಟು ಯಾರ ಮನೆಗೆ ಪತ್ರಿಕೆ ಕೊಡಬೇಕು? ನಾಳೆ ತೋಟಕ್ಕೆ ಆಳು ಬೇಕಾದಾಗ, ಆಸ್ಪತ್ರೆಗೆ ಓಡಬೇಕಾದಾಗ ಬರುವವರು ಅವರೇ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ರಾಜ್ಯದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್‌ಗೆ ದುಡ್ಡಿಲ್ಲ. ಮೊದಲು ಮನೆಗೊಬ್ಬರು ಬರುತ್ತಿದ್ದ ಕಡೆಯಿಂದ ಈಗ ಅತ್ತೆ ಸೊಸೆ ಇಬ್ಬರೂ ಬರುತ್ತಾರೆ. ಬರಲಿ. ಮದುವೆಗೆ ಅವರು ಬಂದರೇ ಚೆಂದ. ಆದ್ದರಿಂದ ಜನರನ್ನು ಕಡಿಮೆ ಮಾಡುವ ಯೋಚನೆ ಬಿಟ್ಟು, ಯಾವ ಊಟ ಎಲ್ಲಿ ಹಾಕುವುದು ಅನ್ನುವುದನ್ನು ಬದಲಿಸಿ.

ನಾನು ನಿಮ್ಮ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದೆ ಅಂತ ನೇರವಾಗಿ ಹೇಳುತ್ತೇನೆ. ಹೆಣ್ಣಿನ ಕಡೆಯಿಂದ ಸಂಜೆಯ ದೊಡ್ಡ ಆರತಕ್ಷತೆ ಬೇಡ. ವರಪೂಜೆ ಹತ್ತಿರದ ನೆಂಟರಲ್ಲೇ ಮುಗಿಸಿ. ಮುಹೂರ್ತಕ್ಕೆ ಎಲ್ಲರನ್ನೂ ಕರೆಯಿರಿ, ಗುಬ್ಬಿಯಲ್ಲೋ ತುಮಕೂರಿನಲ್ಲೋ. ಬೆಂಗಳೂರಿನಲ್ಲಿ ಆರತಕ್ಷತೆ ಬೇಕೆಂದರೆ ಬೀಗರು ತಮ್ಮ ಕಡೆಯಿಂದ ಮಾಡಿಕೊಳ್ಳಲಿ. ಇದನ್ನು ನಿಶ್ಚಿತಾರ್ಥದ ದಿನವೇ ಹಿರಿಯರ ಮುಂದೆ ಮಾತಾಡಿ ಮುಗಿಸಬೇಕು. ಮುಂಗಡ ಕೊಟ್ಟ ಮೇಲೆ ಮಾತಾಡಿದರೆ ಮನಸ್ತಾಪ ಬರುತ್ತೆ. ನನ್ನ ಮದುವೆಯಲ್ಲಿ ಹೀಗೇ ಮಾಡಿದೆವು. ದೇವಸ್ಥಾನದ ಸಮುದಾಯ ಭವನ ಚಿಕ್ಕದಿತ್ತು, ಧಾರೆ ಅಲ್ಲಿ ನಡೆಯಿತು, ಊಟ ಪಕ್ಕದ ಬಯಲಿನಲ್ಲಿ. ವೈಶಾಖದಲ್ಲಿ ಸಂಜೆ ಮಳೆ ಬರುವ ಕಾಲ, ಬಟ್ಟೆ ಶಾಮಿಯಾನ ನಂಬಲಿಲ್ಲ, ತಗಡಿನ ಶೀಟಿನ ಪೆಂಡಾಲ್ ಹಾಕಿಸಿದೆವು. ರಾತ್ರಿ ಹತ್ತರ ಮೇಲೆ ಮೈಕಿಗೆ ಅವಕಾಶ ಇಲ್ಲ, 2000ನೇ ಇಸವಿಯ ಶಬ್ದ ಮಾಲಿನ್ಯದ ನಿಯಮ ಅದು. ಬಯಲಿನಲ್ಲಿ ಸಂಜೆ ಕಾರ್ಯಕ್ರಮ ಇಟ್ಟುಕೊಂಡರೆ ಅಷ್ಟರೊಳಗೆ ಮುಗಿಸಿ.

ತುಮಕೂರು ರಸ್ತೆಯ ಕನ್ವೆನ್ಷನ್ ಹಾಲ್ ನಿಮ್ಮ ದುಡ್ಡಿಗೆ ಆಗೋದಿಲ್ಲ ಅನ್ನುವುದೇ ನನ್ನ ಅಭಿಪ್ರಾಯ. ಬಾಡಿಗೆ ಜಾಸ್ತಿ ಅನ್ನುವುದೊಂದೇ ಅಲ್ಲ. ಆ ತರಹದ ಎಷ್ಟೋ ಕಡೆ ಅಡುಗೆಯವರೂ ಅವರವರೇ, ಹೂವಿನ ಅಲಂಕಾರದವರೂ ಅವರವರೇ, ಹೊರಗಿನವರನ್ನು ಬಿಡೋದಿಲ್ಲ. ನಿಮ್ಮದು ತೆಂಗಿನ ಸೀಮೆ. ಕಾಯಿ ಮನೆಯದು, ಬಾಳೆ ಎಲೆ ತೋಟದ್ದು, ತರಕಾರಿ ಸಂತೆಯಿಂದ. ಅಡುಗೆ ಭಟ್ಟರಿಗೆ ಕೂಲಿ ಮಾತಾಡಿ, ಸಾಮಾನಿನ ಪಟ್ಟಿ ಬರೆಸಿಕೊಂಡು, ದಿನಸಿ ನೀವೇ ತಂದುಕೊಟ್ಟರೆ ಎಲೆಯ ಲೆಕ್ಕದ ಕಾಂಟ್ರ್ಯಾಕ್ಟಿಗಿಂತ ಎಷ್ಟೋ ಉಳಿಯುತ್ತೆ. ಅದಕ್ಕೆ ಒಪ್ಪುವ ಛತ್ರ ಹಿಡಿಯಿರಿ. 10 ಲಕ್ಷದಲ್ಲಿ ಅರ್ಧಕ್ಕಿಂತ ಜಾಸ್ತಿ ಊಟಕ್ಕೇ ಹೋಗುತ್ತೆ, ಉಳಿಸಬೇಕಾದದ್ದೂ ಅಲ್ಲೇ. ನಿಮ್ಮ ತಾಲ್ಲೂಕಿನ ಸಮುದಾಯ ಭವನ, ಅಂಬೇಡ್ಕರ್ ಭವನ, ದೇವಸ್ಥಾನದ ಕಲ್ಯಾಣ ಮಂಟಪ, ನಿಮ್ಮ ಸಂಘದ ಛತ್ರ ಇವನ್ನೆಲ್ಲ ಒಮ್ಮೆ ನೋಡಿ. ಗೋಡೆಯ ಬಣ್ಣ ಮಾಸಿರಬಹುದು. ಹೂವು, ಬಾಳೆಕಂಬ, ಮಾವಿನ ತೋರಣ ಕಟ್ಟಿದ ಮೇಲೆ ಅದು ಯಾರಿಗೂ ಕಾಣೋದಿಲ್ಲ.

ಬಾಡಿಗೆ ಎಷ್ಟು ಅಂತ ಕೇಳಿ ಸುಮ್ನೆ ಬರಬೇಡಿ. ನಮಗೆ ಹೇಳಿದ್ದು 1 ಲಕ್ಷ 40 ಸಾವಿರ, ಕೊನೆಗೆ ಕಟ್ಟಿದ್ದು 2 ಲಕ್ಷ 30 ಸಾವಿರ. ಬಾಡಿಗೆ ಮೇಲೆ ಶೇ. 18 ಜಿಎಸ್‌ಟಿ, ಮೀಟರ್ ಪ್ರಕಾರ ಕರೆಂಟು, ಜನರೇಟರ್ ಡೀಸೆಲ್, ಕ್ಲೀನಿಂಗು, ಪಾತ್ರೆ, 19 ಕೆ.ಜಿ.ಯ ಸಿಲಿಂಡರುಗಳು, ಹೆಚ್ಚಿನ ರೂಮು, ಎಲ್ಲ ಬೇರೆ ಬೇರೆ. ಹಾಗಾಗಿ "ಕಳೆದ ತಿಂಗಳು ಇಷ್ಟೇ ಜನರ ಮದುವೆ ಮಾಡಿದವರ ಕೊನೆಯ ಬಿಲ್ ಎಷ್ಟಾಯಿತು?" ಅಂತ ಕೇಳಿ, ಹೆಸರು ಬೇಡ, ಮೊತ್ತ ಸಾಕು. ಹೇಳದಿದ್ದರೆ ಪ್ರತಿಯೊಂದರ ದರವನ್ನೂ ರಸೀದಿಯ ಹಿಂದೆ ಬರೆಸಿಕೊಳ್ಳಿ. ಒಳಗೆ ಹೋಗುವ ಹೊತ್ತಿನಲ್ಲಿ ಮೀಟರಿನ ಫೋಟೋ ತೆಗೆದಿಟ್ಟುಕೊಳ್ಳಿ. ಮಾರನೆಯ ದಿನ ಎಷ್ಟು ಗಂಟೆಗೆ ಖಾಲಿ ಮಾಡಬೇಕು ಅನ್ನುವುದೂ ರಸೀದಿಯಲ್ಲಿ ಇರಲಿ. ಊಟ ತಡವಾದ ಮದುವೆಗಳಲ್ಲಿ ಜಗಳ ಹತ್ತುವುದು ಅಲ್ಲೇ.

ದಿನದ ವಿಷಯ ಒಂದು ಮಾತು. ಆಷಾಢ, ಪಿತೃಪಕ್ಷ, ಧನುರ್ಮಾಸ ಕಳೆದರೆ ಉಳಿದ ತಿಂಗಳುಗಳ ಒಳ್ಳೆಯ ಲಗ್ನಗಳಿಗೇ ಎಲ್ಲರೂ ಮುಗಿಬೀಳುತ್ತಾರೆ. ಭಾನುವಾರದ್ದೇ ಬೇಕು ಅಂತ ಹಠ ಬೇಡ. ಪುರೋಹಿತರ ಹತ್ತಿರ ಎರಡು ಮೂರು ಲಗ್ನ ಬರೆಸಿಕೊಂಡು ಹೋಗಿ. ಬುಧವಾರ, ಗುರುವಾರ ಅಂದರೆ ಬಾಡಿಗೆ ಚೌಕಾಸಿಗೆ ದಾರಿ ಇರುತ್ತೆ, ಒಳ್ಳೆಯ ಅಡುಗೆ ಭಟ್ಟರೂ ಸಿಗುತ್ತಾರೆ. ಹಳ್ಳಿಯವರಿಗೆ ಬುಧವಾರವೂ ಒಂದೇ, ಭಾನುವಾರವೂ ಒಂದೇ.

ಮುಂಗಡ ಕೊಡುವ ಮುಂಚೆ ಇನ್ನೊಂದು ಕೆಲಸ ಮಾಡಿ. ನೀವು ಹಿಡಿಯಬೇಕೆಂದಿರುವ ಛತ್ರದಲ್ಲಿ ಬೇರೆ ಯಾರದ್ದಾದರೂ ಮದುವೆ ಇರುವ ದಿನ, ಆರತಕ್ಷತೆ ಆದರೆ ರಾತ್ರಿ ಎಂಟೂವರೆಗೆ, ಮುಹೂರ್ತ ಆದರೆ ಮಧ್ಯಾಹ್ನ ಹನ್ನೆರಡೂವರೆಗೆ ಅಲ್ಲಿಗೆ ಹೋಗಿ. ಸ್ಟೇಜಿನ ಕಡೆ ಹೋಗಬೇಡಿ. ಊಟದ ಹಾಲಿನ ಬಾಗಿಲಲ್ಲಿ ಒಂದು ಪಂಕ್ತಿ ಏಳುವವರೆಗೆ ನಿಂತು ನೋಡಿ. ಅಮ್ಮನನ್ನೂ ಕರೆದುಕೊಂಡು ಹೋಗಿ, ಆ ಮೆಟ್ಟಿಲು ಅವರಿಗೆ ಇಳಿಯಲು ಆಗುತ್ತಾ ಅಂತ ಅವರನ್ನೇ ಕೇಳಿ. ಆಮೇಲೆ ಮುಂಗಡ ಕೊಡಿ.