ಬೇಸ್‌ಬಾಲ್‌ನಲ್ಲಿ ಬ್ಯಾಟಿಂಗ್ ಆರ್ಡರ್ ಬದಲಾಯಿಸಿದರೆ ರನ್ ಜಾಸ್ತಿ ಬರುತ್ತಾ?

ಬರುತ್ತದೆ, ಆದರೆ ತೀರಾ ಸ್ವಲ್ಪ. ಕಂಪ್ಯೂಟರಿನಲ್ಲಿ ಪಂದ್ಯ ಆಡಿಸಿ ಲೆಕ್ಕ ಹಾಕಿದವರ ಪ್ರಕಾರ, ಮ್ಯಾನೇಜರ್‌ಗಳು ಮಾಮೂಲಿಯಾಗಿ ಹಾಕುವ ಆರ್ಡರ್‌ಗೂ ಅತ್ಯುತ್ತಮ ಆರ್ಡರ್‌ಗೂ ಅಮೆರಿಕದ ಮೇಜರ್ ಲೀಗ್‌ನ 162 ಪಂದ್ಯಗಳ ಇಡೀ ಸೀಸನ್‌ನಲ್ಲಿ 10ರಿಂದ 15 ರನ್ ವ್ಯತ್ಯಾಸ. ಗೆಲುವಿನ ಲೆಕ್ಕದಲ್ಲಿ ಒಂದು ಪಂದ್ಯ, ಅಷ್ಟೇ.

ನಮಗೆ ಇದನ್ನು ನಂಬೋದು ಕಷ್ಟ. ಕ್ರಿಕೆಟ್ ನೋಡಿ ಬೆಳೆದವರು ಅಲ್ವಾ? 1994ರಲ್ಲಿ ಆಕ್ಲೆಂಡ್‌ನಲ್ಲಿ ಸಚಿನ್ ಓಪನಿಂಗ್ ಬಂದು 49 ಬಾಲಿಗೆ 82 ಹೊಡೆದ ಮೇಲೆ ಅವರ ಒನ್‌ಡೇ ಆಟದ ದಿಕ್ಕೇ ಬದಲಾಯಿತು. ಕೊಡಗಿನಲ್ಲಿ ಬೇಸಿಗೆ ಬಂದರೆ ಮನೆತನಗಳ ನಡುವೆ ಕ್ರಿಕೆಟ್ ಇರುತ್ತದೆ, ಓವರ್ ಕಮ್ಮಿ. ನನ್ನ ಭಾವನ ಹೆಸರು ಯಾವಾಗಲೂ ಏಳನೆಯದು. ಶಾಮಿಯಾನದ ಕೆಳಗೆ ಬ್ಯಾಟ್ ಹಿಡಿದು ಕೂರುತ್ತಾರೆ, ಓವರ್ ಮುಗಿಯುತ್ತದೆ, ಬೆವರದೆ ಊಟಕ್ಕೆ ಏಳುತ್ತಾರೆ.

ಬೇಸ್‌ಬಾಲ್‌ನಲ್ಲಿ ಹಾಗಾಗುವುದಿಲ್ಲ. ಒಂಬತ್ತು ಜನ ಸುತ್ತು ಹೊಡೆಯುತ್ತಲೇ ಇರುತ್ತಾರೆ. ಔಟಾದವನಿಗೂ ಮತ್ತೆ ಸರದಿ ಬರುತ್ತದೆ. ಪಂದ್ಯಕ್ಕೆ ಒಂಬತ್ತು ಇನ್ನಿಂಗ್ಸ್, ಮೂರು ಔಟ್‌ಗೆ ಒಂದು ಇನ್ನಿಂಗ್ಸ್ ಮುಗಿಯುತ್ತದೆ. ಆರನೆಯವನು ಮೂರನೇ ಔಟ್ ಆದರೆ ಮುಂದಿನ ಇನ್ನಿಂಗ್ಸ್ ಏಳನೆಯವನಿಂದ ಶುರು. ಅಂದರೆ ಒಂದನೇ ನಂಬರಿನವನು ಖಂಡಿತ ಮೊದಲು ಬರುವುದು ಮೊದಲ ಇನ್ನಿಂಗ್ಸ್‌ನಲ್ಲಿ ಮಾತ್ರ. ಒಂದೊಂದು ಮೆಟ್ಟಿಲು ಕೆಳಗಿಳಿದರೆ ಸೀಸನ್‌ಗೆ ಸುಮಾರು 18 ಸರದಿ ಕಮ್ಮಿಯಾಗುತ್ತದೆ. ಹಾಗಾಗಿ ಒಳ್ಳೆಯ ಬ್ಯಾಟರ್‌ಗಳನ್ನು ಮೇಲೆ ಹಾಕಿ. ಮೊದಲನೆಯವನು ಓಟಗಾರನೇ ಆಗಬೇಕು ಅನ್ನುವುದು ಹಳೇ ಕಥೆ, ಔಟಾಗದೆ ಬೇಸ್ (ಓಡಿ ಮುಟ್ಟಬೇಕಾದ ಮೂಲೆ) ಸೇರುವವನಾದರೆ ಸಾಕು. ಫಿಲಡೆಲ್ಫಿಯಾ ಫಿಲ್ಲೀಸ್‌ನ ಕೈಲ್ ಶ್ವಾರ್ಬರ್ ನೋಡಿ. 2023ರಲ್ಲಿ ಅವರ ಸರಾಸರಿ ಬರೀ .197, ಅಂದರೆ ಐದು ಸಲಕ್ಕೆ ಒಂದು ಹಿಟ್ ಕೂಡ ಇಲ್ಲ. ಆದರೂ ಹೆಚ್ಚಾಗಿ ಮೊದಲನೆಯವರಾಗಿಯೇ ಆಡಿದರು. 126 ವಾಕ್ (ಎಸೆಯುವವನು ನಾಲ್ಕು ಕೆಟ್ಟ ಬಾಲ್ ಹಾಕಿದಾಗ ಪುಕ್ಕಟೆ ಸಿಗುವ ಮೊದಲ ಬೇಸ್), 47 ಹೋಮ್ ರನ್ (ನಮ್ಮ ಸಿಕ್ಸರ್ ಥರ) ಇದ್ದವರನ್ನು ಯಾರು ಕೆಳಗೆ ಇಳಿಸುತ್ತಾರೆ?

ರನ್ ಬರದಿದ್ದಾಗ ಆರ್ಡರ್ ಕಲಕಿದರೆ ಮರುದಿನ ರನ್ ಬರುತ್ತದಲ್ಲ ಅಂತ ನೀವು ಕೇಳಬಹುದು. ಒಳ್ಳೆಯ ಬ್ಯಾಟರ್‌ಗಳು ಎಷ್ಟು ದಿನ ಅಂತ ಸುಮ್ನೆ ಔಟಾಗುತ್ತಾರೆ? ಕಲಕದಿದ್ದರೂ ಬರುತ್ತಿತ್ತು. 1972ರ ಆಗಸ್ಟ್‌ನಲ್ಲಿ ಡೆಟ್ರಾಯಿಟ್ ಟೈಗರ್ಸ್ ಮ್ಯಾನೇಜರ್ ಬಿಲ್ಲಿ ಮಾರ್ಟಿನ್ ಹೆಸರಿನ ಚೀಟಿಗಳನ್ನು ಟೋಪಿಗೆ ಹಾಕಿ ಎತ್ತಿಸಿ ಆರ್ಡರ್ ಮಾಡಿದರು. ಹೋಮ್ ರನ್ ವೀರ ನಾರ್ಮ್ ಕ್ಯಾಶ್ ಒಂದನೆಯವರಾದರು, ಬ್ಯಾಟಿಂಗ್‌ನಲ್ಲಿ ಸಾಧಾರಣರಾದ ಎಡ್ ಬ್ರಿಂಕ್‌ಮನ್ ದೊಡ್ಡ ಹೊಡೆತಗಾರರ ಜಾಗವಾದ ನಾಲ್ಕನೆಯವರು. ಕ್ಲೀವ್‌ಲ್ಯಾಂಡ್ ವಿರುದ್ಧ 3-2ರಿಂದ ಗೆದ್ದೇಬಿಟ್ಟರು! ಟೋಪಿಗೆ ಬುದ್ಧಿ ಇತ್ತು ಅಂತಲ್ಲ.

ನಿಜವಾಗಿ ರನ್ ಬೇಕಾದರೆ ಒಂಬತ್ತರಲ್ಲಿ ತೀರಾ ವೀಕ್ ಇರುವವನ ಬದಲು ಒಬ್ಬ ಒಳ್ಳೆಯ ಬ್ಯಾಟರ್ ತನ್ನಿ. ಆರ್ಡರ್ ಬಗ್ಗೆ ತಲೆ ಕೆಡಿಸಿಕೊಳ್ಳಲು ಮೊದಲು ಪಿಚರ್, ಅಂದರೆ ಬಾಲ್ ಎಸೆಯುವವನು, ಅನ್ನುವ ಒಂದು ಕಾರಣವಾದರೂ ಇತ್ತು. ಬ್ಯಾಟಿಂಗ್ ಅಷ್ಟಾಗಿ ಬರದ ಅವನನ್ನು ಮಾಮೂಲಿಯಾಗಿ ಒಂಬತ್ತಕ್ಕೆ ಹಾಕುತ್ತಿದ್ದರು. 1998ರಲ್ಲಿ ಸೇಂಟ್ ಲೂಯಿಸ್ ತಂಡದ ಮ್ಯಾನೇಜರ್ ಟೋನಿ ಲಾ ರುಸಾ ಪಿಚರ್‌ನನ್ನು ಎಂಟಕ್ಕೆ ಹತ್ತಿಸಿ, ಒಂಬತ್ತಕ್ಕೆ ನಿಜವಾದ ಬ್ಯಾಟರ್‌ನನ್ನು ಇಟ್ಟರು. ಒಂಬತ್ತರ ನಂತರ ಮತ್ತೆ ಒಂದು ತಾನೇ, ಮೂರನೇ ನಂಬರಿನ ಹೋಮ್ ರನ್ ವೀರ ಮಾರ್ಕ್ ಮೆಗ್ವೈರ್ ಬರುವಾಗ ಬೇಸ್‌ನಲ್ಲಿ ಜನ ಇರಲಿ ಅಂತ. 2022ರಿಂದ ಮೇಜರ್ ಲೀಗ್‌ನ ಎರಡೂ ವಿಭಾಗಗಳಲ್ಲಿ ಪಿಚರ್ ಬದಲು ಬೇರೆಯವರು ಬ್ಯಾಟ್ ಮಾಡುತ್ತಾರೆ, ಆ ಕಸರತ್ತೂ ಈಗ ಬೇಕಿಲ್ಲ.