ಸೊಳ್ಳೆ ಮೇಲೆ ಹಾಕಿದ ತಪ್ಪು

ಜುಲೈ ತಿಂಗಳ ಒಂದು ಸೋಮವಾರ. ಸಕಲೇಶಪುರ ಕಡೆಯ ಹಳ್ಳಿಯಿಂದ ಮೂರು ಜನ ನಮ್ಮ ಐಸಿಟಿಸಿಗೆ ಬಂದರು. ಐಸಿಟಿಸಿ ಅಂದರೆ ಎಚ್‌ಐವಿ ಆಪ್ತಸಲಹೆ ಮತ್ತು ಪರೀಕ್ಷೆಯ ಕೇಂದ್ರ. ಬಂದವರು ಗಂಡ, ಹೆಂಡತಿ, ಹೆಂಡತಿಯ ಅಣ್ಣ. ಮಾತೆಲ್ಲ ಅಣ್ಣನದೇ. ಗಂಡ ಸ್ವೆಟರ್ ಮೇಲೊಂದು ಶಾಲು ಹೊದ್ದು ಗೋಡೆ ನೋಡುತ್ತಾ ಕೂತಿದ್ದರು. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಗಂಡನನ್ನು ಸೋಮಣ್ಣ, ಹೆಂಡತಿಯನ್ನು ಲಲಿತ ಅಂತ ಕರೆಯೋಣ.

ಸೋಮಣ್ಣ ಮಂಗಳೂರಿನಲ್ಲಿ ಕಟ್ಟಡಕ್ಕೆ ಕಂಬಿ ಕಟ್ಟುವ ಕೆಲಸ ಮಾಡುತ್ತಾರೆ. ತಿಂಗಳಿಗೊಮ್ಮೆ ಶಿರಾಡಿ ಘಾಟಿ ಹತ್ತಿ ಊರಿಗೆ ಬರುತ್ತಾರೆ. ಈ ಸಲ ಚಳಿಜ್ವರ ಹೊತ್ತುಕೊಂಡೇ ಬಂದರು. ದಿನ ಬಿಟ್ಟು ದಿನ ನಡುಕ, ಆಮೇಲೆ ಬೆವರು. ಹೊಸ ಕಟ್ಟಡಗಳ ತಾರಸಿ ಮೇಲೆ ಕಾಂಕ್ರೀಟ್ ಗಟ್ಟಿಯಾಗಲಿ ಅಂತ ನೀರು ನಿಲ್ಲಿಸುತ್ತಾರಲ್ಲ, ಮಲೇರಿಯಾ ಸೊಳ್ಳೆಗೆ ಅದು ಬಲು ಇಷ್ಟದ ಜಾಗ. ಒಂದು ಖಾಸಗಿ ಲ್ಯಾಬಿನಲ್ಲಿ ರಕ್ತ ಕೊಟ್ಟರು. ವೈವಾಕ್ಸ್ ಅನ್ನುವ ಬಗೆಯ ಮಲೇರಿಯಾ ಅಂತ ಬಂತು. ಅಷ್ಟಕ್ಕೇ ನಿಲ್ಲಲಿಲ್ಲ. ಅದೇ ರಕ್ತದಲ್ಲಿ ಕೇಳದೆ ಹೇಳದೆ ಎಚ್‌ಐವಿ ಕಾರ್ಡ್ ಟೆಸ್ಟನ್ನೂ ಮಾಡಿ 'ರಿಯಾಕ್ಟಿವ್', ಅಂದರೆ ಗೆರೆ ಮೂಡಿದೆ, ಅಂತ ಫೋನಿನಲ್ಲಿ ಹೇಳಿಬಿಟ್ಟರು. ಹೇಳಿದ್ದು ಸೋಮಣ್ಣನಿಗಲ್ಲ, ಚೀಟಿಯಲ್ಲಿ ನಂಬರ್ ಬರೆಸಿದ್ದ ಭಾವನಿಗೆ.

ಒಪ್ಪಿಗೆ ಇಲ್ಲದೆ ಎಚ್‌ಐವಿ ಪರೀಕ್ಷೆ ಮಾಡಬಾರದು, ಫಲಿತಾಂಶವನ್ನು ಬೇರೆಯವರಿಗೆ ಹೇಳಬಾರದು ಅಂತ 2017ರಲ್ಲಿ ಕಾಯ್ದೆ ಬಂತು. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲೂ ಇದೆ. ಆದರೆ ಫೋನ್ ಬಂದ ದಿನ ಸಂಜೆಯೊಳಗೆ ಆ ಮನೆಯಲ್ಲಿ ಸೋಮಣ್ಣನ ತಟ್ಟೆ, ಲೋಟ ಬೇರೆಯಾಗಿದ್ದವು. ಅವರ ತಾಯಿ ಮೊಮ್ಮಗುವನ್ನು ಎತ್ತಿಕೊಂಡು ಹೋಗಿ ತಮ್ಮ ಮಗ್ಗುಲಲ್ಲಿ ಮಲಗಿಸಿಕೊಂಡಿದ್ದರು.

ಅಣ್ಣ ಮೊಬೈಲ್ ತೆಗೆದು ನನ್ನ ಮುಂದೆ ಹಿಡಿದರು. "ಮಲೇರಿಯಾ ಬಂದವರಲ್ಲಿ ಎಚ್‌ಐವಿ ಜಾಸ್ತಿ ಇರುತ್ತಂತೆ ಮೇಡಂ. ನೋಡಿ, ಇಲ್ಲೇ ಬರೆದಿದೆ. ಹಾಗಾದ್ರೆ ಎರಡೂ ಒಂದೇ ಸೊಳ್ಳೆಯಿಂದ ಬಂದಿರಬೇಕು ಅಲ್ವಾ?"

ಇಲ್ಲಿ ನಾನು ಅವಸರಪಟ್ಟೆ. "ಇಲ್ಲ, ಸೊಳ್ಳೆಯಿಂದ ಎಚ್‌ಐವಿ ಬರೋದೇ ಇಲ್ಲ" ಅಂದುಬಿಟ್ಟೆ. ಮಾತು ಸರಿ, ಹೊತ್ತು ಸರಿಯಿರಲಿಲ್ಲ. ಲಲಿತ ಅಲ್ಲಿಯವರೆಗೆ ಗಂಡನ ಪಕ್ಕದ ಕುರ್ಚಿಯಲ್ಲಿದ್ದರು. ಎದ್ದು ಕಿಟಕಿ ಹತ್ತಿರ ಹೋಗಿ ನಿಂತರು. ಆ ಸೊಳ್ಳೆಯನ್ನು ಹಿಡಿದುಕೊಂಡೇ ಆ ಮನೆ ನಾಲ್ಕು ದಿನ ದೂಡಿತ್ತು ಅನ್ನುವುದು ನನಗೆ ಆಗ ಹೊಳೆಯಿತು. ತಪ್ಪೆಲ್ಲ ಸೊಳ್ಳೆಯದಾದರೆ ಗಂಡನನ್ನು ಏನೂ ಕೇಳಬೇಕಾಗಿಲ್ಲವಲ್ಲ.

ಅಣ್ಣನನ್ನು ಹೊರಗೆ ಕೂರಲು ಹೇಳಿದೆ. ಅವರಿಗೆ ಕೋಪ ಬಂತು. ಬರಲಿ ಅಂತ ಬಿಟ್ಟೆ.

ಆಮೇಲೆ ನಿಧಾನವಾಗಿ ವಿವರಿಸಿದೆ. ಸೊಳ್ಳೆ ಕಚ್ಚುವಾಗ ನಮ್ಮ ಮೈಗೆ ಬಿಡುವುದು ಎಂಜಲನ್ನು, ಹಿಂದೆ ಕುಡಿದ ರಕ್ತವನ್ನಲ್ಲ. ಮಲೇರಿಯಾ ಪರಾವಲಂಬಿ ಸೊಳ್ಳೆಯ ಹೊಟ್ಟೆಯಲ್ಲಿ ಬೆಳೆದು ಎಂಜಲಿನ ಗ್ರಂಥಿಗೆ ಬರುತ್ತದೆ. ಎಚ್‌ಐವಿ ಅಲ್ಲಿ ಬೆಳೆಯುವುದಿಲ್ಲ, ಜೀರ್ಣವಾಗಿ ಹೋಗುತ್ತದೆ. ಎರಡಕ್ಕೂ ಹೊಂದುವ ದಾರಿ ಅಂದರೆ ರಕ್ತ. ಅದಕ್ಕೇ ಬ್ಲಡ್ ಬ್ಯಾಂಕಿನಲ್ಲಿ ಪ್ರತಿ ಬಾಟಲಿಯನ್ನೂ ಎಚ್‌ಐವಿಗೂ ಮಲೇರಿಯಾಕ್ಕೂ ಪರೀಕ್ಷೆ ಮಾಡುತ್ತಾರೆ.

"ಮತ್ತೆ ಅದ್ರಲ್ಲಿ ಬರೆದಿರೋದು?" ಅಂತ ಲಲಿತ ಕಿಟಕಿಯಿಂದಲೇ ಕೇಳಿದರು.

ಅದು ಆಫ್ರಿಕಾದ ಒಂದು ಆಸ್ಪತ್ರೆಯ ಲೆಕ್ಕ. ಸುಳ್ಳಲ್ಲ. ಆದರೆ ಅಲ್ಲಿನದು. ಮಲಾವಿಯಂಥ ದೇಶದಲ್ಲಿ ದೊಡ್ಡವರಲ್ಲಿ ನೂರಕ್ಕೆ ಸುಮಾರು ಏಳು ಮಂದಿಗೆ ಎಚ್‌ಐವಿ ಇದೆ, ಮಲೇರಿಯಾ ಊರೂರಲ್ಲೂ ಇದೆ. ಮಲೇರಿಯಾ ವಾರ್ಡಿನಲ್ಲಿ ಎಚ್‌ಐವಿ ಇರುವವರು ಸಿಕ್ಕೇ ಸಿಗುತ್ತಾರೆ. ಜೊತೆಗೆ, ಎಚ್‌ಐವಿಗೆ ಚಿಕಿತ್ಸೆ ಇಲ್ಲದೆ ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಮಲೇರಿಯಾ ಜ್ವರ ಹೆಚ್ಚು ಬರುತ್ತದೆ, ಜೋರಾಗಿಯೂ ಬರುತ್ತದೆ. ಹಾಗಾಗಿ ಊರಿಗಿಂತ ವಾರ್ಡಿನಲ್ಲಿ ಅವರ ಸಂಖ್ಯೆ ಜಾಸ್ತಿ ಕಾಣುತ್ತದೆ. ಮಲೇರಿಯಾ ಬಂದಾಗ ಅವರ ರಕ್ತದಲ್ಲಿ ವೈರಸ್ ಕೆಲವು ವಾರ ಏರುವುದೂ ಉಂಟು. ಒಂದು ಕಾಯಿಲೆ ಇನ್ನೊಂದನ್ನು ಕೆಣಕುತ್ತದೆ, ಹುಟ್ಟಿಸುವುದಿಲ್ಲ.

ಇದೆಲ್ಲ ತಲೆಗೆ ಹೋದ ಹಾಗೆ ಕಾಣಲಿಲ್ಲ. "ನೋಡಮ್ಮ, ಮಳೆಗಾಲದಲ್ಲಿ ತೋಟದಿಂದ ಉಂಬಳ ಕಚ್ಚಿಸಿಕೊಂಡು ಬರೋರ ಕೈಲೆಲ್ಲ ಕೊಡೆ ಇರುತ್ತೆ. ಕೊಡೆಯಿಂದ ಉಂಬಳ ಬರುತ್ತಾ?" ಅಂದೆ. ಲಲಿತ ತೋಟದ ಕೆಲಸದವರು. ಅವರಿಗೆ ತಕ್ಷಣ ಹಿಡಿಯಿತು. ಬಂದು ಕೂತರು.

ನಮ್ಮ ಕರ್ನಾಟಕದ ಲೆಕ್ಕ ಬೇರೆ. 2021ರ ಅಂದಾಜಿನಲ್ಲಿ ದೊಡ್ಡವರಲ್ಲಿ ಎಚ್‌ಐವಿ ಇರುವವರು ಶೇಕಡಾ 0.46. ಅಂದರೆ ಸಾವಿರಕ್ಕೆ ನಾಲ್ಕೈದು ಮಂದಿ. ಮಂಗಳೂರಿನ ಮಲೇರಿಯಾ ಕಂಬಿ ಕೆಲಸ ಮಾಡುವವರು, ಹಾಸ್ಟೆಲ್ ಹುಡುಗರು, ಮನೆಯಲ್ಲೇ ಇರುವ ಅಜ್ಜಿ, ಎಲ್ಲರನ್ನೂ ಹಿಡಿಯುತ್ತದೆ. ಒಬ್ಬರಿಗೆ ಮಲೇರಿಯಾ ಬಂತು ಅಂದ ಮಾತ್ರಕ್ಕೆ ಎಚ್‌ಐವಿ ಇರಬಹುದು ಅಂತ ಅನುಮಾನಪಡಲು ಇಲ್ಲಿ ಕಾರಣವೇ ಇಲ್ಲ.

ಈ ಲೆಕ್ಕ ಸುಮ್ನೆ ಹೇಳಿದ್ದಲ್ಲ. ಸೋಮಣ್ಣನ ಆ ಒಂದು ಕಾರ್ಡಿಗೂ ಇದಕ್ಕೂ ಸಂಬಂಧ ಇದೆ. ನೂರಕ್ಕೆ ಒಂದು ಸಲ ತಪ್ಪುವ ಕಾರ್ಡ್ ಅಂತ ಇಟ್ಟುಕೊಳ್ಳಿ. ಸಾವಿರ ಜನಕ್ಕೆ ಮಾಡಿದರೆ ನಿಜವಾದ ನಾಲ್ಕೈದು ಜನರ ಜೊತೆ ಇನ್ನೂ ಹತ್ತು ಜನರ ಹೆಸರು ಸುಳ್ಳೇ ಸೇರುತ್ತದೆ. ಅದರ ಮೇಲೆ ಮಲೇರಿಯಾ ಬೇರೆ. ಜ್ವರ ಜೋರಾಗಿದ್ದಾಗ ಮೈ ರೋಗದ ವಿರುದ್ಧ ಹೋರಾಡುವ ಪ್ರತಿಕಾಯಗಳನ್ನು ಸಿಕ್ಕಾಪಟ್ಟೆ ತಯಾರಿಸುತ್ತದೆ. ಕಾರ್ಡ್ ಹುಡುಕುವುದೂ ಪ್ರತಿಕಾಯವನ್ನೇ. ಆ ಗದ್ದಲದಲ್ಲಿ ಕೆಲವೊಮ್ಮೆ ತಪ್ಪು ಗೆರೆ ಮೂಡುತ್ತದೆ. ಅದಕ್ಕೇ ನಾವು ಒಂದೇ ಕಾರ್ಡ್ ನೋಡಿ ಎಚ್‌ಐವಿ ಇದೆ ಅನ್ನುವುದಿಲ್ಲ. ಬೇರೆ ಬೇರೆ ಮೂರು ಕಿಟ್‌ಗಳಲ್ಲೂ ಬಂದರೆ ಮಾತ್ರ.

ಸೋಮಣ್ಣನ ಜೊತೆ ಒಬ್ಬರೇ ಇದ್ದಾಗ ಮಾತಾಡಿದೆ. ಬಹಳ ಹೊತ್ತು ಸುಮ್ಮನಿದ್ದರು. ಕಂಬಿ ಕಟ್ಟುವ ತಂತಿ ಕೊಯ್ದು ಕೊಯ್ದು ಬೆರಳ ತುದಿಯೆಲ್ಲ ಕಪ್ಪು ಗೀರು. ಅವನ್ನೇ ಉಜ್ಜುತ್ತಾ ಕೂತು, ಕೊನೆಗೆ ಹೇಳಿದರು. ಎರಡು ವರ್ಷದ ಹಿಂದೆ ಮಂಗಳೂರಿನಲ್ಲಿ, ಎರಡು ಸಲ, ಕಾಂಡೋಮ್ ಇಲ್ಲದೆ. ಆಮೇಲೆ ಇಲ್ಲ. "ಸೊಳ್ಳೆ ಅಂತ ಮೊದಲು ಹೇಳಿದ್ದು ನಾನೇ ಮೇಡಂ" ಅಂದರು.

ಒಪ್ಪಿಗೆ ಪಡೆದು ಇಬ್ಬರ ರಕ್ತವನ್ನೂ ತೆಗೆದೆವು. ಲಲಿತ ಅವರದು ನೆಗೆಟಿವ್. ಸೋಮಣ್ಣನದು ಎರಡು ಕಿಟ್‌ನಲ್ಲಿ ಗೆರೆ ಬಂತು, ಒಂದರಲ್ಲಿ ಬರಲಿಲ್ಲ. ಇದೆ ಅನ್ನಲೂ ಆಗದ, ಇಲ್ಲ ಅನ್ನಲೂ ಆಗದಂಥ ಫಲಿತಾಂಶ. ಹದಿನಾಲ್ಕರಿಂದ ಇಪ್ಪತ್ತೆಂಟು ದಿನದೊಳಗೆ ಮತ್ತೆ ಬರಬೇಕು ಅನ್ನುವುದು ನಿಯಮ. ಈ ಕೆಲಸದಲ್ಲಿ ನನಗೆ ಪಾಸಿಟಿವ್ ಅಂತ ಹೇಳುವುದಕ್ಕಿಂತ ಇದನ್ನು ಹೇಳುವುದೇ ಕಷ್ಟ. ಪಾಸಿಟಿವ್ ಆದರೆ ಮುಂದಿನ ದಾರಿ ಇದೆ. ವೈರಸ್ಸನ್ನು ಹತ್ತಿಕ್ಕುವ ಉಚಿತ ಎಆರ್‌ಟಿ ಮಾತ್ರೆ ಇದೆ, ದಿನಾ ತಪ್ಪದೆ ನುಂಗಿದರೆ ಗಟ್ಟಿಯಾಗಿ ಬದುಕಬಹುದು. 'ಗೊತ್ತಿಲ್ಲ, ಕಾಯಿರಿ' ಅಂದರೆ ರಾತ್ರಿ ನಿದ್ದೆ ಎಲ್ಲಿಂದ ಬರಬೇಕು?

ನಮ್ಮ ಅದೃಷ್ಟಕ್ಕೆ ಕಾಯುವ ದಿನಗಳಿಗೆ ಒಂದು ಕೆಲಸ ಸಿಕ್ಕಿತು. ವೈವಾಕ್ಸ್‌ಗೆ ಮೂರು ದಿನ ಕ್ಲೋರೋಕ್ವಿನ್, ಜೊತೆಗೆ ಹದಿನಾಲ್ಕು ದಿನ ಪ್ರಿಮಾಕ್ವಿನ್. ಮೂರನೇ ದಿನ ಜ್ವರ ಬಿಡುತ್ತದೆ, ಹೆಚ್ಚಿನವರು ಮಾತ್ರೆಯನ್ನೂ ಬಿಡುತ್ತಾರೆ. ಹಾಗೆ ಬಿಟ್ಟರೆ ಯಕೃತ್ತಿನಲ್ಲಿ, ಅಂದರೆ ಲಿವರ್‌ನಲ್ಲಿ, ಅಡಗಿದ ಪರಾವಲಂಬಿ ಕೆಲವು ತಿಂಗಳಲ್ಲಿ ಮತ್ತೆ ಎದ್ದು ಬರಬಹುದು. "ಊಟ ಆದ ಮೇಲೆ ಕೊಡಿ. ಕೊಟ್ಟ ದಿನ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಮಾತ್ರೆ ನಿಲ್ಲಿಸಿ ಅವತ್ತೇ ಆಸ್ಪತ್ರೆಗೆ ಬನ್ನಿ" ಅಂತ ಲಲಿತ ಅವರಿಗೆ ಹೇಳಿದೆ. ಇಬ್ಬರಿಗೂ ಹೇಳಿದ್ದು: ಮುಂದಿನ ಪರೀಕ್ಷೆವರೆಗೆ ಕಾಂಡೋಮ್ ಬಳಸಿ. ರಕ್ತದಾನ ಬೇಡ. ತಟ್ಟೆ ಲೋಟ ಬೇರೆ ಮಾಡಬೇಡಿ, ಮಗುವನ್ನು ದೂರ ಇಡಬೇಡಿ. ಎರಡು ಕಾಯಿಲೆಯೂ ಮನುಷ್ಯರ ಎಂಜಲಿಂದ, ಮುಟ್ಟಿದ್ದರಿಂದ ಬರುವುದಿಲ್ಲ. ಸೊಳ್ಳೆ ಪರದೆ ಮಾತ್ರ ಕಟ್ಟಿ, ಅದು ಮಲೇರಿಯಾಕ್ಕೆ. ರಾತ್ರಿ ತೀರಾ ಗಾಬರಿಯಾದರೆ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ದುಡ್ಡು ಬೀಳಲ್ಲ.

ಸೋಮಣ್ಣ ಹೊರಡುವಾಗ, "ಅವಳಿಗೆ ಹೇಳಲೇಬೇಕಾ ಮೇಡಂ?" ಅಂದರು. ಹೇಳುವುದು ಬಿಡುವುದು ನಿಮಗೆ ಸೇರಿದ್ದು, ನಾನಂತೂ ಹೇಳುವುದಿಲ್ಲ ಅಂದೆ. "ಆದರೆ ಇನ್ನೊಂದು ಸಲ ಸೊಳ್ಳೆ ಮೇಲೆ ಹಾಕಬೇಡಿ."

ಹತ್ತೊಂಬತ್ತನೇ ದಿನ ಬಂದರು. ಈ ಸಲ ಅಣ್ಣ ಇರಲಿಲ್ಲ. ಲಲಿತ ಕ್ಯಾಲೆಂಡರಿನ ಹಾಳೆಯನ್ನೇ ಹರಿದು ತಂದಿದ್ದರು. ಹದಿನಾಲ್ಕು ಚೌಕದಲ್ಲೂ ಕುಂಕುಮದ ಬೊಟ್ಟು. ಪೆನ್ನು ಸಿಗಲಿಲ್ಲವಂತೆ. ರಕ್ತ ತೆಗೆದು ಮತ್ತೆ ಮೂರೂ ಕಿಟ್ ಹಾಕಿದೆವು. ಒಂದರಲ್ಲೂ ಗೆರೆ ಬರಲಿಲ್ಲ. ಎಚ್‌ಐವಿ ಇಲ್ಲ ಅಂದೆ. ಸೋಮಣ್ಣ ಶಾಲಿನಲ್ಲಿ ಮುಖ ಒರೆಸಿಕೊಂಡು ಎದ್ದು ಹೊರಗೆ ಹೋದರು.

ಲಲಿತ ಬಾಗಿಲ ಹತ್ತಿರ ನಿಂತು ತಿರುಗಿದರು. "ಹಾಗಾದ್ರೆ ಇವ್ರು ಎಲ್ಲೂ ಹೋಗಿಲ್ಲ, ಅಲ್ವಾ ಮೇಡಂ?"

"ಅದನ್ನ ರಕ್ತ ಹೇಳಲ್ಲಮ್ಮ. ಕೇಳಬೇಕು ಅನ್ನಿಸಿದ್ರೆ ಅವರನ್ನೇ ಕೇಳಿ."

ಹೊರಗೆ ಮಳೆ. ಸೋಮಣ್ಣ ಮೆಟ್ಟಿಲ ಬಳಿ ಕೊಡೆ ಬಿಚ್ಚಿ ಹಿಡಿದು ಕಾಯುತ್ತಿದ್ದರು. ಲಲಿತ ತಲೆ ಮೇಲೆ ಸೆರಗು ಎಳೆದುಕೊಂಡು, ಕೊಡೆಗೆ ಕಾಯದೆ, ಬಸ್ ಸ್ಟ್ಯಾಂಡ್ ಕಡೆ ಮುಂದೆ ಮುಂದೆ ನಡೆದರು.