ನಾಲ್ಕನೇ ಸುತ್ತಿಗೇ ಪೆಡಲ್ ಮೆತ್ತಗೆ

ಪ್ರಶ್ನೆ: ಮನೆಯಲ್ಲೇ ಮಾರ್ಪಡಿಸಿದ ಕಾರನ್ನು ಟ್ರ್ಯಾಕ್‌ನಲ್ಲಿ ಓಡಿಸಿದರೆ ನಾಲ್ಕನೇ ಸುತ್ತಿಗೇ ಬ್ರೇಕ್ ಪೆಡಲ್ ನೆಲ ಮುಟ್ಟುತ್ತದೆ. ದೊಡ್ಡ ಡಿಸ್ಕ್ ಹಾಕಿಸಲೇ?

ಉತ್ತರ: ಈಗಲೇ ಬೇಡ. ಪೆಡಲ್ ಸ್ಪಂಜಿನಂತೆ ಇಳಿಯುತ್ತಿದ್ದರೆ ಬ್ರೇಕ್ ಆಯಿಲ್ ಕುದಿದು ಆವಿಯ ಗುಳ್ಳೆ ಕಟ್ಟಿದೆ ಎಂದರ್ಥ. ಪೆಡಲ್ ಗಟ್ಟಿಯಿದ್ದೂ ಕಾರು ನಿಲ್ಲದಿದ್ದರೆ ಮಾತ್ರ ಸೋತಿರುವುದು ಪ್ಯಾಡ್. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್‌ನ ಕುದಿಬಿಂದು ಹೊಸದರಲ್ಲಿ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್. ತೇವ ಹೀರಿಕೊಂಡ ಮೇಲೆ 155ರ ಹತ್ತಿರಕ್ಕೆ ಇಳಿಯಬಹುದು. ಹಳೆಯದನ್ನು ಪೂರ್ತಿ ಹೊರಹಾಕಿ, ಆಗಷ್ಟೇ ಸೀಲ್ ಒಡೆದ ಡಬ್ಬಿಯಿಂದ ತುಂಬಿಸಿ. ಬ್ಲೀಡ್ ಮಾಡುವಾಗ, ಅಂದರೆ ಪೆಡಲ್ ಒತ್ತಿಸಿ ಆಯಿಲ್ ಜೊತೆ ಗಾಳಿಯನ್ನು ಹೊರಹಾಕುವಾಗ, ಜೊತೆಗಾರ ಪೆಡಲ್ ಬಿಡುವ ಮುನ್ನವೇ ನಿಪ್ಪಲ್ (ಚಕ್ರದ ಬ್ರೇಕಿನಲ್ಲಿ ಆಯಿಲ್ ಹೊರಬಿಡುವ ತಿರುಪು) ಬಿಗಿಯಾಗಿರಬೇಕು. ತಡವಾದರೆ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ನಿಪ್ಪಲ್‌ಗೆ ಸಿಕ್ಕಿಸಿದ ಪಾರದರ್ಶಕ ಪೈಪಿನಲ್ಲಿ ಗುಳ್ಳೆ ಬರುವುದು ನಿಲ್ಲುವವರೆಗೆ ಮುಂದುವರಿಸಿ. ಟ್ರ್ಯಾಕ್‌ನಲ್ಲಿ ಕೊನೆಯ ಸುತ್ತನ್ನು ಬ್ರೇಕ್ ಆದಷ್ಟೂ ಒತ್ತದೆ ನಿಧಾನವಾಗಿ ಮುಗಿಸಿ. ಬಿಸಿ ಡಿಸ್ಕ್‌ಗೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಗೇರಿನಲ್ಲಿ ನಿಲ್ಲಿಸಿ.